ಓದಿದವರ ಮಕ್ಕಳೇ ಏಕೆ ಮುಂದಿರುತ್ತಾರೆ?

ಪ್ರಶ್ನೆ: ನಾನು ಏಳನೇ ತರಗತಿಗೆ ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ವರ್ಷ ಯಾವುದಾದರೂ ಪರಿಸ್ಥಿತಿ ಅದೇ. ಓದಿದ ತಂದೆತಾಯಿಯರ ಮಕ್ಕಳು ಮುಂದಿರುತ್ತಾರೆ, ಓದುಬರಹ ಬಾರದವರ ಮತ್ತು ಕೂಲಿ ಮಾಡುವವರ ಮಕ್ಕಳು ಹಿಂದೆ ಉಳಿಯುತ್ತಾರೆ. ಪಾಠ ಒಂದೇ, ಪುಸ್ತಕ ಒಂದೇ, ಕಲಿಸುವವಳೂ ನಾನೊಬ್ಬಳೇ. ‘ನೂಲಿನಂತೆ ಸೀರೆ, ಶಾಲೆ ಏನು ಮಾಡೀತು?’ ಎನ್ನುತ್ತಾರೆ ಒಬ್ಬ ಸಹೋದ್ಯೋಗಿ. ‘ಬಡತನದಲ್ಲಿ ಓದಿ ಮೇಲೆ ಬಂದವರಿಲ್ಲವೇ? ಛಲ ಬೇಕು ಅಷ್ಟೇ’ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಸರಿ? ಕೊರತೆ ಇರುವುದು ಹಣದಲ್ಲೋ, ಪೋಷಕರ ಆಸಕ್ತಿಯಲ್ಲೋ, ಮಗುವಿನ ಬುದ್ಧಿಯಲ್ಲೋ? ತರಗತಿಯ ನಾಲ್ಕು ಗೋಡೆಗಳ ಒಳಗೆ ನನ್ನ ಕೈಲಾಗುವುದು ಏನಾದರೂ ಇದೆಯೇ?

ಉತ್ತರ: ನಿಮ್ಮ ಸಹೋದ್ಯೋಗಿಗಳ ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡರಲ್ಲೂ ಒಂದೇ ಅನುಕೂಲವಿದೆ. ಮೊದಲನೆಯವರ ಪ್ರಕಾರ ಹೊಣೆ ಮನೆಯದು, ಎರಡನೆಯವರ ಪ್ರಕಾರ ಮಗುವಿನದು. ಯಾವುದನ್ನು ಒಪ್ಪಿದರೂ ಶಾಲೆಯ ತಲೆಯ ಮೇಲಿನ ಭಾರ ಇಳಿಯಿತು. ಹೀಗಾಗಿಯೇ ಈ ಎರಡೂ ಮಾತುಗಳು ಸ್ಟಾಫ್ ರೂಮ್‌ಗಳಲ್ಲಿ ಇಷ್ಟು ದೀರ್ಘಾಯುಷಿಗಳಾಗಿವೆ ಎಂಬುದು ನನ್ನ ಗುಮಾನಿ.

ಮನೆಯ ಹಿನ್ನೆಲೆ ಮುಖ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಎಷ್ಟರ ಮಟ್ಟಿಗೆ ಮುಖ್ಯವಾಗುತ್ತದೆ ಎಂಬುದು ಮನೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಕಲಿಸುವ ಕೆಲಸದಲ್ಲಿ ಎಷ್ಟು ಪಾಲನ್ನು ಶಾಲೆ ತಾನೇ ಮಾಡುತ್ತದೆ, ಎಷ್ಟನ್ನು ಹೇಳದೆ ಕೇಳದೆ ಮನೆಗೆ ದಾಟಿಸುತ್ತದೆ ಎಂಬುದರ ಮೇಲೂ ಅದು ನಿಂತಿದೆ. ಹಾಗೆ ದಾಟಿಸಿದ ಪಾಲು ದೊಡ್ಡದಾದಷ್ಟೂ ಓದಿದವರ ಮಕ್ಕಳು ಮುಂದೆ ಹೋಗುತ್ತಾರೆ.

ಮೊದಲು ಅಂತರ ಎಷ್ಟಿದೆ ಎಂದು ಅಳೆದವರ ಲೆಕ್ಕ ನೋಡೋಣ. ಹದಿನೈದು ವರ್ಷದ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆ 2000ರಿಂದ ನಡೆಯುತ್ತಿದೆ. ಅದು ತಂದೆತಾಯಿಯರ ಓದು, ಉದ್ಯೋಗ ಮತ್ತು ಮನೆಯಲ್ಲಿರುವ ವಸ್ತುಗಳನ್ನು ಸೇರಿಸಿ ಪ್ರತಿ ವಿದ್ಯಾರ್ಥಿಗೆ ಒಂದು ಹಿನ್ನೆಲೆಯ ಸೂಚ್ಯಂಕ ಕೊಡುತ್ತದೆ. 2022ರ ಗಣಿತ ಪರೀಕ್ಷೆಯಲ್ಲಿ ಒಇಸಿಡಿ (ಬಹುಪಾಲು ಶ್ರೀಮಂತ ರಾಷ್ಟ್ರಗಳ ಆರ್ಥಿಕ ಸಹಕಾರ ಸಂಘಟನೆ) ದೇಶಗಳ ಸರಾಸರಿ ನೋಡಿದರೆ, ಅನುಕೂಲಸ್ಥ ಕಾಲುಭಾಗದ ಮಕ್ಕಳಿಗೂ ಕೆಳಗಿನ ಕಾಲುಭಾಗದ ಮಕ್ಕಳಿಗೂ ನಡುವೆ 93 ಅಂಕಗಳ ಅಂತರವಿತ್ತು. ಇದು ಸಣ್ಣ ಅಂತರವಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ವಿದ್ಯಾರ್ಥಿಗಳ ಅಂಕಗಳಲ್ಲಿ ಕಾಣುವ ಏರಿಳಿತದ ಸುಮಾರು ಶೇಕಡಾ 15ರಷ್ಟನ್ನು ಮಾತ್ರ ಈ ಸೂಚ್ಯಂಕ ವಿವರಿಸುತ್ತದೆ. ಉಳಿದ 85ರಲ್ಲಿ ಸೂಚ್ಯಂಕಕ್ಕೆ ಸಿಗದ ಎಲ್ಲವೂ ಸೇರಿವೆ. ಅಂದರೆ ಎರಡು ಗುಂಪುಗಳ ಸರಾಸರಿಗಳು ದೂರದೂರ ಇದ್ದರೂ, ಒಬ್ಬ ವಿದ್ಯಾರ್ಥಿಯ ಮನೆಯ ವಿಳಾಸ ನೋಡಿ ಅವಳ ಅಂಕ ಹೇಳಲು ಹೊರಟರೆ ಮತ್ತೆ ಮತ್ತೆ ತಪ್ಪಾಗುತ್ತದೆ.

ಮೂರನೆಯ ಅಂಕಿ ಎರಡನೆಯ ಸಹೋದ್ಯೋಗಿಗೆ ಸಂಬಂಧಿಸಿದ್ದು. ಕೆಳಗಿನ ಕಾಲುಭಾಗದ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ತಮ್ಮ ದೇಶದ ಅತಿ ಹೆಚ್ಚು ಅಂಕ ಪಡೆದ ಕಾಲುಭಾಗದಲ್ಲಿ ಇದ್ದಾರೆ. ‘ಕೆಸರಿನ ಕಮಲ’ ಎಂದು ಪತ್ರಿಕೆಗಳು ಕೊಂಡಾಡುವುದು ಇವರನ್ನೇ. ಹಿನ್ನೆಲೆಗೂ ಅಂಕಕ್ಕೂ ಸಂಬಂಧವೇ ಇಲ್ಲದಿದ್ದರೆ ಅಲ್ಲಿ ಇರಬೇಕಾಗಿದ್ದವರು ನೂರಕ್ಕೆ ಇಪ್ಪತ್ತೈದು. ಬಂದ ಹತ್ತು ಮಂದಿಯ ಛಲದ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ, ಬಾರದೆ ಹೋದ ಹದಿನೈದು ಮಂದಿಗೆ ಛಲ ಕಡಿಮೆ ಇತ್ತು ಎಂದು ಹೇಳಲು ನಮ್ಮ ಬಳಿ ಯಾವ ಆಧಾರವೂ ಇಲ್ಲ.

ನೀವು ‘ಪರಿಸ್ಥಿತಿ ಅದೇ’ ಎಂದು ಬರೆದಿದ್ದೀರಿ. ಅದನ್ನೂ ಸ್ವಲ್ಪ ಕೆದಕಬೇಕು. 1982ರಲ್ಲಿ ಕಾರ್ಲ್ ವೈಟ್ ಎಂಬ ಸಂಶೋಧಕ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ಸ್ವಾರಸ್ಯ ಹೊರಬಿತ್ತು. ಒಬ್ಬೊಬ್ಬ ವಿದ್ಯಾರ್ಥಿಯನ್ನು ಬಿಡಿಬಿಡಿಯಾಗಿ ತೆಗೆದುಕೊಂಡರೆ ಹಿನ್ನೆಲೆಗೂ ಸಾಧನೆಗೂ ಇರುವ ಸಹಸಂಬಂಧ (ಸೊನ್ನೆ ಎಂದರೆ ನಂಟೇ ಇಲ್ಲ, ಒಂದು ಎಂದರೆ ಪೂರ್ತಿ ನಂಟು) ಸರಾಸರಿ 0.22. ಶಾಲೆಗಳ ಸರಾಸರಿಗಳನ್ನೇ ಹೋಲಿಸಿದರೆ ಅದೇ ಸಂಬಂಧ 0.73ಕ್ಕೆ ಏರುತ್ತದೆ. ಗುಂಪುಗಳ ಲೆಕ್ಕ ಹಾಕಿದಾಗ ಗುಂಪಿನೊಳಗಿನ ವೈವಿಧ್ಯ ಅಳಿಸಿಹೋಗುತ್ತದೆ, ಹಾಗಾಗಿ ಸಂಬಂಧ ಬಿಗಿಯಾಗಿ ಕಾಣುತ್ತದೆ. ಶಿಕ್ಷಕರ ನೆನಪೂ ಬಹುಮಟ್ಟಿಗೆ ಹೀಗೇ ಗುಂಪುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಅಂಕಪಟ್ಟಿ ತೆಗೆದು ಹೆಸರು ಹೆಸರಾಗಿ ನೋಡಿ. ಓದಿದ ಮನೆಯಿಂದ ಬಂದು ತೆವಳುತ್ತಿರುವವರು, ಓದದ ಮನೆಯಿಂದ ಬಂದು ನಡುಮಟ್ಟದಲ್ಲಿ ಸದ್ದಿಲ್ಲದೆ ಕುಳಿತಿರುವವರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಇರುತ್ತಾರೆ.

ಇನ್ನು ‘ಶಾಲೆ ಏನು ಮಾಡೀತು?’ ಎಂಬ ಮಾತು. ಇದರ ಹಿಂದೆ ದೊಡ್ಡದೊಂದು ವರದಿಯ ನೆರಳಿದೆ. 1966ರಲ್ಲಿ ಪ್ರಕಟವಾದ ಈ ವರದಿಗಾಗಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ತಂಡ ಸುಮಾರು 4,000 ಶಾಲೆಗಳ ಆರು ಲಕ್ಷದಷ್ಟು ವಿದ್ಯಾರ್ಥಿಗಳ ಮಾಹಿತಿ ಕಲೆಹಾಕಿತು. ಕಟ್ಟಡ, ಪ್ರಯೋಗಾಲಯ, ಖರ್ಚು ಇವುಗಳಿಗಿಂತ ಮನೆಯ ಹಿನ್ನೆಲೆಯೇ ಅಂಕಗಳ ವ್ಯತ್ಯಾಸವನ್ನು ಹೆಚ್ಚು ವಿವರಿಸುತ್ತದೆ ಎಂದು ಅದು ಹೇಳಿದಾಗ, ಶಾಲೆಗೆ ಹಣ ಸುರಿಯುವುದೇ ವ್ಯರ್ಥ ಎಂದು ಹಲವರು ಅರ್ಥ ಮಾಡಿಕೊಂಡರು. ವರದಿ ಹೇಳಿದ್ದು ಅದಲ್ಲ. ಕೋಲ್ಮನ್ ಹೋಲಿಸಿದ್ದು ಒಂದು ಶಾಲೆಯನ್ನು ಇನ್ನೊಂದು ಶಾಲೆಯೊಂದಿಗೆ. ಶಾಲೆ ಇರುವುದನ್ನು ಶಾಲೆಯೇ ಇಲ್ಲದಿರುವುದರೊಂದಿಗೆ ಅವರು ಹೋಲಿಸಲಿಲ್ಲ. ಎಲ್ಲ ಶಾಲೆಗಳೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತಿದ್ದರೆ ಅವುಗಳ ನಡುವಿನ ವ್ಯತ್ಯಾಸ ಲೆಕ್ಕದಲ್ಲಿ ಚಿಕ್ಕದಾಗಿಯೇ ಕಾಣಬೇಕು. ಅದೇ ವರದಿಯಲ್ಲಿ, ಹಿಂದುಳಿದ ಸಮುದಾಯಗಳ ಮಕ್ಕಳ ಮೇಲೆ ಶಾಲೆಯ ಮತ್ತು ಶಿಕ್ಷಕರ ಗುಣಮಟ್ಟದ ಪರಿಣಾಮ ಹೆಚ್ಚು ಎಂಬ ಮಾತೂ ಇತ್ತು. ಅದನ್ನು ಓದಿದವರು ಕಡಿಮೆ.

ಶಾಲೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಗತ್ತು 2020ರಲ್ಲಿ ನೋಡಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಕೋವಿಡ್ ಕಾರಣಕ್ಕೆ ಶಾಲೆಗಳು ಎಂಟು ವಾರ ಮುಚ್ಚಿದ್ದವು. ಮುಚ್ಚುವ ಮುಂಚೆ ಮತ್ತು ತೆರೆದ ಮೇಲೆ ಪ್ರಾಥಮಿಕ ಶಾಲೆಗಳಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ ನಡೆದಿದ್ದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ಮನೆಮನೆಗೂ ಇಂಟರ್‌ನೆಟ್ ಇರುವ ದೇಶದಲ್ಲೂ ಮಕ್ಕಳು ಆ ಅವಧಿಯಲ್ಲಿ ಹೊಸದಾಗಿ ಕಲಿತದ್ದು ಇಲ್ಲವೆನ್ನುವಷ್ಟು ಕಡಿಮೆ. ಕಡಿಮೆ ಓದಿದ ಪೋಷಕರ ಮಕ್ಕಳಲ್ಲಿ ಈ ನಷ್ಟ ಇತರರಿಗಿಂತ ಶೇಕಡಾ 60ರವರೆಗೂ ಹೆಚ್ಚಿತ್ತು. ಶಾಲೆ ಅಸಮಾನತೆಯನ್ನು ಪೂರ್ತಿ ಅಳಿಸುವುದಿಲ್ಲ ನಿಜ, ಆದರೆ ಬಾಗಿಲು ತೆರೆದಿರುವಷ್ಟು ದಿನ ಅದನ್ನು ಒಂದು ಮಟ್ಟದಲ್ಲಿ ಹಿಡಿದು ನಿಲ್ಲಿಸಿರುತ್ತದೆ. ಬಾಗಿಲು ಮುಚ್ಚಿದಾಗ ಮಗುವಿಗೆ ಉಳಿಯುವುದು ಮನೆಯೊಂದೇ.

ಹಾಗಾದರೆ ಮನೆ ಎಂಬುದು ಒಳಗಿನಿಂದ ಏನು ಮಾಡುತ್ತದೆ? ನೀವು ಹಣ, ಆಸಕ್ತಿ, ಬುದ್ಧಿ ಎಂದು ಮೂರು ಹೆಸರಿಸಿದ್ದೀರಿ.

ಹಣದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಸಾಕ್ಷ್ಯ ಸಾಕಷ್ಟು ಸ್ಪಷ್ಟವಾಗಿದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಪೂರ್ವ ಚೆರೋಕಿ ಬುಡಕಟ್ಟಿನವರು 1990ರ ದಶಕದ ಕೊನೆಯಲ್ಲಿ ಕ್ಯಾಸಿನೊ ಒಂದನ್ನು ತೆರೆದು, ಅದರ ಲಾಭವನ್ನು ಬುಡಕಟ್ಟಿನ ಪ್ರತಿ ವಯಸ್ಕರಿಗೂ ಹಂಚತೊಡಗಿದರು. ವರ್ಷಕ್ಕೆ ಸರಾಸರಿ 4,000 ಡಾಲರ್, ಯಾವ ಷರತ್ತೂ ಇಲ್ಲದೆ. ಅದೇ ಪ್ರದೇಶದ, ಬುಡಕಟ್ಟಿಗೆ ಸೇರದ ಕುಟುಂಬಗಳಿಗೆ ಈ ಹಣ ಬರಲಿಲ್ಲ. ಎರಡೂ ಕಡೆಯ ಮಕ್ಕಳನ್ನು ಮೊದಲೇ ಒಂದು ಅಧ್ಯಯನ ಗಮನಿಸುತ್ತಿದ್ದುದರಿಂದ ವ್ಯತ್ಯಾಸ ತಿಳಿಯಿತು. ತೀರಾ ಬಡ ಕುಟುಂಬಗಳಲ್ಲಿ ಈ ಹಣ ಬಂದ ಮನೆಯ ಮಕ್ಕಳು 21ನೇ ವಯಸ್ಸಿನ ಹೊತ್ತಿಗೆ ಸುಮಾರು ಒಂದು ವರ್ಷ ಹೆಚ್ಚು ಓದಿದ್ದರು. ತಂದೆತಾಯಿ ಬದಲಾಗಿರಲಿಲ್ಲ, ಅವರ ಓದೂ ಬದಲಾಗಿರಲಿಲ್ಲ. ಹಣ ನೇರವಾಗಿ ಪುಸ್ತಕವಾಗದಿದ್ದರೂ ನೆಮ್ಮದಿಯಾಗಿ, ಜಗಳವಿಲ್ಲದ ಸಂಜೆಯಾಗಿ ಮಗುವನ್ನು ತಲುಪುತ್ತದೆ.

ಕೆಲವೊಮ್ಮೆ ಕನ್ನಡಕವಾಗಿಯೂ ತಲುಪುತ್ತದೆ. ಚೀನಾದ ಶಾಂಕ್ಸಿ ಮತ್ತು ಗಾನ್ಸು ಪ್ರಾಂತ್ಯಗಳ ಹಳ್ಳಿಶಾಲೆಗಳಲ್ಲಿ 2012ರಲ್ಲಿ ಮಕ್ಕಳ ಕಣ್ಣು ಪರೀಕ್ಷಿಸಿದಾಗ, ದೂರದ್ದು ಸರಿಯಾಗಿ ಕಾಣದ ಮಕ್ಕಳಲ್ಲಿ ಹೆಚ್ಚಿನವರ ಬಳಿ ಕನ್ನಡಕವೇ ಇರಲಿಲ್ಲ. ಚೀಟಿ ಎತ್ತಿದಂತೆ ಆರಿಸಿದ ಶಾಲೆಗಳಲ್ಲಿ ಉಚಿತ ಕನ್ನಡಕ ಕೊಟ್ಟರು. ಒಂದೇ ಶೈಕ್ಷಣಿಕ ವರ್ಷದಲ್ಲಿ ಆ ಮಕ್ಕಳ ಗಣಿತದ ಅಂಕ ಏರಿತು. ನಿಮ್ಮ ತರಗತಿಯಲ್ಲಿ ‘ತಲೆಗೆ ಹತ್ತುವುದಿಲ್ಲ’ ಎಂದು ಹಿಂದಿನ ಬೆಂಚಿನಲ್ಲಿ ಕುಳಿತಿರುವ ಮಕ್ಕಳ ಪೈಕಿ ಕಪ್ಪುಹಲಗೆಯೇ ಕಾಣದವರು ಎಷ್ಟು ಮಂದಿ? ಹಲಗೆಯ ಮೇಲೆ ನಾಲ್ಕು ಸಾಲು ಬರೆದು ಒಬ್ಬೊಬ್ಬರಿಂದ ಓದಿಸಿದರೆ ಸಾಕು, ಒಂದು ಅವಧಿಯಲ್ಲಿ ಗೊತ್ತಾಗುತ್ತದೆ.

ಆಸಕ್ತಿಯ ವಿಷಯ ಹೆಚ್ಚು ಜಟಿಲ. ‘ಇವರಿಗೆ ಮಕ್ಕಳ ಓದಿನ ಮೇಲೆ ಕಾಳಜಿಯಿಲ್ಲ’ ಎಂದು ನಾವು ಹೇಳುವಾಗ, ಕಾಳಜಿ ಎಂದರೆ ನಮಗೆ ಪರಿಚಿತವಾದ ರೂಪದ ಕಾಳಜಿ ಎಂದು ಮೊದಲೇ ತೀರ್ಮಾನಿಸಿರುತ್ತೇವೆ. ಸಮಾಜಶಾಸ್ತ್ರಜ್ಞೆ ಆನೆಟ್ ಲಾರೋ 1990ರ ದಶಕದಲ್ಲಿ ಹನ್ನೆರಡು ಕುಟುಂಬಗಳ ಜೊತೆ ದಿನಗಟ್ಟಲೆ ಕಳೆದು, ಒಂಬತ್ತು ಹತ್ತು ವರ್ಷದ ಮಕ್ಕಳ ಬದುಕನ್ನು ಹತ್ತಿರದಿಂದ ಗಮನಿಸಿದರು. ಪ್ರೀತಿಯಲ್ಲಿ, ಶಿಸ್ತಿನಲ್ಲಿ ಬಡವರ ಮನೆ ಹಿಂದೆ ಬಿದ್ದಿರಲಿಲ್ಲ. ವ್ಯತ್ಯಾಸ ಇದ್ದದ್ದು ಬೇರೆಡೆ. ಮಧ್ಯಮವರ್ಗದ ತಾಯಿ ವೈದ್ಯರ ಬಳಿ ಹೋಗುವಾಗ ದಾರಿಯಲ್ಲೇ ಮಗನಿಗೆ ‘ಏನು ಕೇಳಬೇಕೆಂದು ಈಗಲೇ ಯೋಚಿಸಿಕೋ, ಸಂಕೋಚ ಬೇಡ’ ಎಂಬ ಅರ್ಥದಲ್ಲಿ ತಯಾರಿ ಮಾಡಿಸುತ್ತಿದ್ದಳು. ಕಾರ್ಮಿಕರ ಮನೆಯಲ್ಲಿ ದೊಡ್ಡವರ ಮುಂದೆ ಮಿತವಾಗಿ ಮಾತನಾಡುವುದೇ ಒಳ್ಳೆಯ ನಡತೆಯಾಗಿತ್ತು. ಎರಡೂ ಒಳ್ಳೆಯ ಪಾಲನೆಯೇ. ಆದರೆ ಶಾಲೆಯಲ್ಲಿ ಬೆಲೆ ಸಿಗುವುದು ಮೊದಲನೆಯದಕ್ಕೆ.

ಇದು ತರಗತಿಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಜೆಸಿಕಾ ಕಲಾರ್ಕೊ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞೆ ಬಹಳ ಸೂಕ್ಷ್ಮವಾಗಿ ದಾಖಲಿಸಿದ್ದಾರೆ. ನಿಮ್ಮ ತರಗತಿಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಭಿನ್ನರಾಶಿಯ ಲೆಕ್ಕ ಕೊಟ್ಟು ನೀವು ಸಾಲುಗಳ ನಡುವೆ ನಡೆಯುತ್ತಿದ್ದೀರಿ. ಒಬ್ಬಳು ಅರ್ಧಕ್ಕೆ ನಿಂತವಳೇ ಕೈ ಎತ್ತುತ್ತಾಳೆ. ನೀವು ನೋಡದಿದ್ದರೆ ‘ಮಿಸ್’ ಎಂದು ಕರೆಯುತ್ತಾಳೆ, ಅದಕ್ಕೂ ಆಗದಿದ್ದರೆ ಎದ್ದು ಪುಸ್ತಕ ಹಿಡಿದು ನಿಮ್ಮ ಮೇಜಿಗೇ ಬರುತ್ತಾಳೆ. ನೀವು ಒಂದು ಸುಳಿವು ಕೊಡುತ್ತೀರಿ, ಲೆಕ್ಕ ಮುಗಿಯುತ್ತದೆ. ಇನ್ನೊಬ್ಬನೂ ಅದೇ ಹೆಜ್ಜೆಯಲ್ಲಿ ನಿಂತಿದ್ದಾನೆ. ಅವನು ರಬ್ಬರಿನಿಂದ ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ, ನೀವು ಹತ್ತಿರ ಬಂದಾಗ ಬರೆದದ್ದರ ಮೇಲೆ ಮೊಣಕೈ ಊರುತ್ತಾನೆ. ಮೇಡಂಗೆ ತೊಂದರೆ ಕೊಡಬಾರದು, ಸ್ವಂತವಾಗಿ ಮಾಡಬೇಕು ಎಂದು ಮನೆಯಲ್ಲಿ ಹೇಳಿಕಳುಹಿಸಿದ್ದಾರೆ. ಗಂಟೆ ಬಾರಿಸಿದಾಗ ನಿಮ್ಮ ಮನಸ್ಸಿನಲ್ಲಿ ಉಳಿಯುವುದು ಏನು? ಅವಳು ಚುರುಕು, ಅವನು ಮಂದ. ಆದರೆ ಆ ನಲವತ್ತು ನಿಮಿಷಗಳಲ್ಲಿ ನಿಮ್ಮ ಸಮಯದ ಹೆಚ್ಚಿನ ಪಾಲು ಅವಳಿಗೆ ಹೋಗಿದೆ. ನೀವು ಪಕ್ಷಪಾತ ಮಾಡಲಿಲ್ಲ, ಕೇಳಿದವರಿಗೆ ಕೊಟ್ಟಿರಿ ಅಷ್ಟೇ. ಕೇಳುವುದನ್ನು ಯಾರು ಎಲ್ಲಿ ಕಲಿತರು ಎಂಬಲ್ಲಿ ಅಸಮಾನತೆ ಅಡಗಿತ್ತು.

ಇದಕ್ಕೆ ಪೂರಕವಾಗಿ ಫ್ರಾನ್ಸಿನ ಮನೋವಿಜ್ಞಾನಿಗಳಾದ ಸೆಬಾಸ್ಟಿಯನ್ ಗುಡೊ ಮತ್ತು ಜಾನ್-ಕ್ಲೋಡ್ ಕ್ರೋಜೆ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಉತ್ತರ ಸಿಕ್ಕವರು ಕೈ ಎತ್ತಬೇಕು ಎಂಬ ಸಾಮಾನ್ಯ ನಿಯಮವನ್ನೇ ಅವರು ಪರೀಕ್ಷೆಗೆ ಒಡ್ಡಿದರು. ಕೈ ಎತ್ತುವ ತರಗತಿಗಳಲ್ಲಿ ಕಾರ್ಮಿಕ ವರ್ಗದ ಮಕ್ಕಳ ಸಾಧನೆ ಕುಸಿಯಿತು, ಕೈ ಎತ್ತದೆ ಅವರವರ ಪಾಡಿಗೆ ಬರೆಯುವ ತರಗತಿಗಳಲ್ಲಿ ಅಂತರ ಕುಗ್ಗಿತು. ಮತ್ತೊಂದು ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ ಮಾತ್ರ ಹೊಸ ಕೌಶಲವೊಂದನ್ನು ಮೊದಲೇ ಚೆನ್ನಾಗಿ ಅಭ್ಯಾಸ ಮಾಡಿಸಿದ್ದರು. ಅಕ್ಕಪಕ್ಕದವರ ಕೈ ಪಟಪಟನೆ ಮೇಲೇಳುವುದನ್ನು ನೋಡಿದ ಉಳಿದ ಮಕ್ಕಳು ತಮಗೆ ಬರುವಷ್ಟನ್ನೂ ಮಾಡಲಾಗದೆ ಹೋದರು. ‘ಅವರಿಗೆ ಮೊದಲೇ ಅಭ್ಯಾಸ ಸಿಕ್ಕಿತ್ತು’ ಎಂದು ತಿಳಿಸಿದಾಗ ಆ ಕುಸಿತ ನಿಂತಿತು. ತಾನು ದಡ್ಡ ಎಂಬ ತೀರ್ಮಾನಕ್ಕೆ ಮಗು ಬರುವುದು ಇಂಥ ಸಣ್ಣ ಸಣ್ಣ ಹೋಲಿಕೆಗಳಿಂದ. ಯಾರೂ ಬಾಯಿಬಿಟ್ಟು ಹಾಗೆನ್ನಬೇಕಾಗಿಯೇ ಇಲ್ಲ.

ಮಾತಿನ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಬಡ ಮಗು ಮೂರು ಕೋಟಿ ಪದಗಳನ್ನು ಕಡಿಮೆ ಕೇಳಿರುತ್ತದೆ ಎಂಬ ಮಾತನ್ನು ತರಬೇತಿ ಶಿಬಿರಗಳಲ್ಲಿ ನೀವು ಕೇಳಿರಬಹುದು. ಅದು 1995ರಲ್ಲಿ ಅಮೆರಿಕದ ಸಂಶೋಧಕರಾದ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೆ ಕೇವಲ 42 ಕುಟುಂಬಗಳನ್ನು ನೋಡಿ ಹಾಕಿದ ಅಂದಾಜು. ಮಗುವಿನ ಉಡುಪಿಗೆ ಧ್ವನಿಗ್ರಾಹಕ ಸಿಕ್ಕಿಸಿ ದಿನವಿಡೀ ಅಳೆದ 2017ರ ಅಧ್ಯಯನದಲ್ಲಿ ಈ ಅಂತರ ಸುಮಾರು 40 ಲಕ್ಷಕ್ಕೆ ಇಳಿಯಿತು. ಅಂತರವಿರುವುದು ಸುಳ್ಳಲ್ಲ, ಆದರೆ ‘ಬಡವರ ಮನೆಯಲ್ಲಿ ಮಾತೇ ಇಲ್ಲ’ ಎಂಬ ಚಿತ್ರ ಉತ್ಪ್ರೇಕ್ಷೆ. ಕೇಳಿಸಿಕೊಂಡ ಪದಗಳ ಎಣಿಕೆಗಿಂತ, ಮಗು ಒಂದು ಮಾತು, ದೊಡ್ಡವರು ಒಂದು ಮಾತು ಎಂಬ ಸರದಿಯೇ ಭಾಷೆಯ ಬೆಳವಣಿಗೆಗೆ ಹತ್ತಿರದ್ದು ಎಂದು ನಂತರದ ಸಂಶೋಧನೆ ತೋರಿಸಿದೆ. ಆ ಸರದಿಯನ್ನು ಶಾಲೆಯೂ ಕೊಡಬಹುದು.

ಬುದ್ಧಿಯ ಪ್ರಶ್ನೆಗೆ ಬರೋಣ. ಅನುವಂಶಿಕತೆಗೆ ಪಾತ್ರವೇ ಇಲ್ಲ ಎಂದು ಯಾವ ಪ್ರಾಮಾಣಿಕ ಸಂಶೋಧಕರೂ ಹೇಳುವುದಿಲ್ಲ. ಆದರೆ ‘ನೂಲಿನಂತೆ ಸೀರೆ’ ಎಂಬುದನ್ನು ಪರೀಕ್ಷಿಸುವ ಅವಕಾಶವೊಂದು ತಾನಾಗಿ ಒದಗಿತ್ತು. ಕೊರಿಯಾದಿಂದ ಅಮೆರಿಕಕ್ಕೆ ದತ್ತು ಹೋದ ಮಕ್ಕಳನ್ನು ಒಂದು ಸಂಸ್ಥೆ ಸರದಿಯ ಪ್ರಕಾರ ಕುಟುಂಬಗಳಿಗೆ ಕೊಡುತ್ತಿತ್ತು. ಯಾವ ಮಗು ಯಾವ ಮನೆಗೆ ಎಂಬುದು ಹೆಚ್ಚುಕಡಿಮೆ ಅದೃಷ್ಟದ ಆಟ. ಅರ್ಥಶಾಸ್ತ್ರಜ್ಞ ಬ್ರೂಸ್ ಸಾಸರ್ಡೋಟ್ 2007ರಲ್ಲಿ ಪ್ರಕಟಿಸಿದಂತೆ, ಚೆನ್ನಾಗಿ ಓದಿದ ತಂದೆತಾಯಿಯರ ಚಿಕ್ಕ ಕುಟುಂಬಕ್ಕೆ ಹೋದ ಮಕ್ಕಳು ಪದವಿ ಮುಗಿಸುವ ಸಾಧ್ಯತೆ, ಕಡಿಮೆ ಓದಿದ ದೊಡ್ಡ ಕುಟುಂಬಕ್ಕೆ ಹೋದವರಿಗಿಂತ 16 ಶೇಕಡಾ ಅಂಶಗಳಷ್ಟು ಹೆಚ್ಚಿತ್ತು. ರಕ್ತಸಂಬಂಧವಿಲ್ಲದ ಮನೆಯೂ ಅಷ್ಟು ವ್ಯತ್ಯಾಸ ಮಾಡಿತು.

ಗಣಿತ ಕಲಿಸುವ ನಿಮಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಬ್ರೆಜಿಲ್‌ನ ಒಂದು ಪುಟ್ಟ ಅಧ್ಯಯನ. ರೆಸಿಫೆ ನಗರದ ಬೀದಿಗಳಲ್ಲಿ ಮಾರಾಟ ಮಾಡುತ್ತಿದ್ದ ಐದು ಮಕ್ಕಳ ಬಳಿ ಸಂಶೋಧಕರು ಗಿರಾಕಿಗಳಂತೆ ಹೋಗಿ, ‘ಇಷ್ಟು ಕೊಂಡರೆ ಎಷ್ಟಾಯಿತು, ಚಿಲ್ಲರೆ ಎಷ್ಟು ಕೊಡುತ್ತೀಯ’ ಎಂದು ಕೇಳಿದರು. ಮಕ್ಕಳು ನೂರಕ್ಕೆ 98ರಷ್ಟು ಸರಿ ಉತ್ತರ ಕೊಟ್ಟರು. ನಂತರ ಅಂಥದ್ದೇ ಲೆಕ್ಕಗಳನ್ನು ಕಾಗದ ಪೆನ್ಸಿಲ್ ಕೊಟ್ಟು ಶಾಲೆಯ ರೀತಿಯಲ್ಲಿ ಕೇಳಿದರು. ಮಾತಿನ ಸಮಸ್ಯೆಯಾಗಿ ಕೊಟ್ಟಾಗ ಸರಿಯಾದದ್ದು 74, ಬರಿಯ ಅಂಕಿಗಳಾಗಿ ಕೊಟ್ಟಾಗ 37. ಟೆರೆಸಿನ್ಯಾ ಕರಾಹರ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಪ್ರಕಟಿಸಿದರು. ಐದೇ ಮಕ್ಕಳು ಎಂಬುದು ನಿಜ, ಆದರೆ ಒಂದೇ ತಲೆ ಬೀದಿಯಲ್ಲಿ ಜಾಣ, ಕಾಗದದ ಮುಂದೆ ದಡ್ಡ ಆಗುವುದನ್ನು ತೋರಿಸಲು ಅಷ್ಟು ಸಾಕು. ಅಂಗಡಿಯಲ್ಲಿ ತಂದೆಗೆ ನೆರವಾಗುವ ಹುಡುಗ ನಿಮ್ಮ ಲಾಭ–ನಷ್ಟದ ಲೆಕ್ಕದಲ್ಲಿ ಎಡವುವುದು ‘ನಮೂದಿತ ಬೆಲೆ’, ‘ನಿವ್ವಳ ಲಾಭ’ ಎಂಬ ಪದಗಳ ಬಳಿ ಇರಬಹುದು. ಬಾಯಿಲೆಕ್ಕದಿಂದ ಶುರುಮಾಡಿ, ಅವನು ಹೇಳಿದ ದಾರಿಯನ್ನೇ ಹಲಗೆಯ ಮೇಲೆ ಅಂಕಿಗಳಾಗಿ ಬರೆದು ತೋರಿಸಿ.

ಛಲದ ಬಗ್ಗೆಯೂ ಒಂದು ಮಾತು. ಈಗ ಒಂದು ಸಿಹಿ ತಿನ್ನದೆ ಕಾದರೆ ಆಮೇಲೆ ಎರಡು ಕೊಡುತ್ತೇವೆ ಎಂದು ಪುಟ್ಟ ಮಕ್ಕಳ ಸಂಯಮ ಅಳೆದ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಪ್ರಯೋಗ ಪ್ರಸಿದ್ಧ. ಕಾದ ಮಕ್ಕಳು ಮುಂದೆ ಓದಿನಲ್ಲಿ ಗೆದ್ದರು ಎಂಬುದು ಅದರಿಂದ ಹುಟ್ಟಿದ ಕಥೆ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯೊಂದಿಗೆ ಮತ್ತೆ ಪರಿಶೀಲಿಸಿದಾಗ ಆ ಸಂಬಂಧ ಅರ್ಧಕ್ಕೆ ಇಳಿಯಿತು. ಮನೆಯ ಹಿನ್ನೆಲೆ ಮತ್ತು ಮಗುವಿನ ಆರಂಭದ ಕಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಉಳಿದದ್ದರಲ್ಲೂ ಮೂರನೇ ಎರಡು ಪಾಲು ಕರಗಿತು. ಕೊಟ್ಟ ಮಾತು ನಡೆಯುತ್ತದೆ ಎಂಬ ಅನುಭವವಿರುವ ಮಗು ಕಾಯುತ್ತದೆ. ನಾಳೆಯ ಖಾತ್ರಿಯಿಲ್ಲದ ಮನೆಯ ಮಗು ಇವತ್ತಿನದನ್ನು ಇವತ್ತೇ ತಿಂದರೆ ಅದನ್ನು ಛಲದ ಕೊರತೆ ಎನ್ನುವುದು ಅನ್ಯಾಯ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಿಮ್ಮ ಕೈಗೆ ನಿಲುಕದ ಸಂಗತಿಗಳು ಇವೆ, ಅವುಗಳನ್ನು ಮೊದಲು ಬದಿಗಿಡೋಣ. ಮಕ್ಕಳನ್ನು ಬೇಗನೆ ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುವ ವ್ಯವಸ್ಥೆಯಲ್ಲಿ ಹಿನ್ನೆಲೆಯ ಪ್ರಭಾವ ಹೆಚ್ಚು. ಫಿನ್‌ಲ್ಯಾಂಡ್ 1970ರ ದಶಕದಲ್ಲಿ ಈ ವಿಂಗಡಣೆಯನ್ನು 11ನೇ ವಯಸ್ಸಿನಿಂದ 16ಕ್ಕೆ ಮುಂದೂಡಿದಾಗ, ತಂದೆಯ ಆದಾಯಕ್ಕೂ ಮಗನ ಆದಾಯಕ್ಕೂ ಇದ್ದ ನಂಟು ಸುಮಾರು ಕಾಲುಭಾಗದಷ್ಟು ಸಡಿಲವಾಯಿತು. ತರಗತಿಯ ಗಾತ್ರವೂ ಮುಖ್ಯ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ 22ರಿಂದ 25 ಮಕ್ಕಳ ಬದಲು 13ರಿಂದ 17 ಮಕ್ಕಳಿದ್ದ ತರಗತಿಗಳು ಮುಂದೆ ಬಂದವು, ಲಾಭ ಹೆಚ್ಚಾದದ್ದು ಬಡ ಮತ್ತು ಕರಿಯ ಮಕ್ಕಳಿಗೆ. ಇವೆಲ್ಲ ಸರ್ಕಾರ ಮಾಡಬೇಕಾದ ಕೆಲಸ.

ನಿಮ್ಮ ಕೈಯಲ್ಲಿರುವುದರಲ್ಲಿ ಮೊದಲನೆಯದು ಹೋಮ್‌ವರ್ಕ್. ನನ್ನ ಕಣ್ಣಿಗೆ ಶಾಲೆ ತನ್ನ ಕೆಲಸವನ್ನು ಮನೆಗೆ ದಾಟಿಸುವ ದೊಡ್ಡ ಹೆದ್ದಾರಿ ಇದೇ. ‘ಜಲಚಕ್ರದ ಮಾದರಿ ಮಾಡಿ ಸೋಮವಾರ ತನ್ನಿ’ ಎಂದು ಹೇಳಿದಾಗ ನೀವು ಕೇಳುತ್ತಿರುವುದು ಏನು? ರಟ್ಟು, ಬಣ್ಣ, ಅಂಟು, ಚಿತ್ರಗಳ ಪ್ರಿಂಟ್, ಎಲ್ಲಕ್ಕಿಂತ ಹೆಚ್ಚಾಗಿ ಭಾನುವಾರ ಬಿಡುವಿರುವ ಓದಿದ ಒಬ್ಬ ದೊಡ್ಡವರು. ಸೋಮವಾರ ಒಂದು ಮೇಜಿನ ಮೇಲೆ ಮೋಡದಿಂದ ಹತ್ತಿ ಇಳಿಬಿಟ್ಟ, ಅಚ್ಚುಕಟ್ಟಾದ ಬಾಣದ ಗುರುತುಗಳಿರುವ ಮಾದರಿ ಇರುತ್ತದೆ. ಪಕ್ಕದಲ್ಲಿ ಹಳೆಯ ನೋಟ್‌ಬುಕ್‌ನ ರಟ್ಟಿನ ಮೇಲೆ ನೀಲಿ ಪೆನ್ನಿನಲ್ಲಿ ಗೀಚಿದ ಮಳೆ. ಹತ್ತಕ್ಕೆ ಒಂಬತ್ತು ಮತ್ತು ನಾಲ್ಕು. ಆ ಐದು ಅಂಕಗಳ ವ್ಯತ್ಯಾಸದಲ್ಲಿ ಆವೀಕರಣ, ಸಾಂದ್ರೀಕರಣ ಯಾರಿಗೆ ಅರ್ಥವಾಗಿದೆ ಎಂಬುದರ ಗಂಧವೂ ಇಲ್ಲ. ನೀವು ಅಂಕ ಕೊಟ್ಟದ್ದು ತಂದೆತಾಯಿಯರಿಗೆ. ಪೀಸಾದ 2012ರ ಮಾಹಿತಿಯ ಪ್ರಕಾರ ಅನುಕೂಲಸ್ಥ ವಿದ್ಯಾರ್ಥಿಗಳು ಇತರರಿಗಿಂತ ವಾರಕ್ಕೆ ಸುಮಾರು ಒಂದೂವರೆ ಗಂಟೆ ಹೆಚ್ಚು ಹೋಮ್‌ವರ್ಕ್ ಮಾಡುತ್ತಾರೆ. ಮಾಡಲು ಜಾಗ, ಬೆಳಕು, ಕೇಳಲು ಜನ ಇರುವವರು ಮಾಡುತ್ತಾರೆ. ಹಾಗಾಗಿ ಮಾದರಿಯನ್ನು ತರಗತಿಯಲ್ಲೇ, ಶಾಲೆಯ ಸಾಮಗ್ರಿಯಲ್ಲೇ ಮಾಡಿಸಿ. ಮನೆಗೆ ಕೊಡುವುದಾದರೆ ತರಗತಿಯಲ್ಲಿ ಒಮ್ಮೆ ಸರಿಯಾಗಿ ಮಾಡಿದ ಲೆಕ್ಕದಂಥದ್ದನ್ನೇ, ಯಾರ ಸಹಾಯವೂ ಇಲ್ಲದೆ ಹದಿನೈದು ನಿಮಿಷದಲ್ಲಿ ಮುಗಿಯುವಷ್ಟನ್ನೇ ಕೊಡಿ. ಹೊಸ ಪಾಠವನ್ನು ಮನೆಯಲ್ಲಿ ಓದಿಕೊಂಡು ಬನ್ನಿ ಎಂದು ಎಂದೂ ಹೇಳಬೇಡಿ.

ಎರಡನೆಯದು, ಮಗು ಇರುವ ಜಾಗದಿಂದ ಕಲಿಸುವುದು. ಏಳನೇ ತರಗತಿಯಲ್ಲಿ ಭಾಗಾಕಾರ ಬಾರದ ಮಗುವಿಗೆ ಬೀಜಗಣಿತ ಹೇಳಿದರೆ ಅದು ಕೇಳುವುದು ಬರಿಯ ಸದ್ದು. ಓದಿದ ಮನೆಯಲ್ಲಿ ಮೂರನೇ ತರಗತಿಯಲ್ಲಿ ಬಿದ್ದ ಬಿರುಕನ್ನು ತಾಯಿಯೋ ಟ್ಯೂಷನ್ನೋ ಅದೇ ವರ್ಷ ಮುಚ್ಚಿರುತ್ತದೆ. ಇನ್ನೊಂದು ಮನೆಯಲ್ಲಿ ಆ ಬಿರುಕು ವರ್ಷವರ್ಷ ಅಗಲವಾಗುತ್ತಾ ನಿಮ್ಮ ತರಗತಿಗೆ ಬಂದು ತಲುಪಿದೆ. ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ 2001ರಿಂದ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ತರಗತಿಯಿಂದ ಬೇರೆಯಾಗಿ ಕೂರಿಸಿ, ಅದೇ ಸಮುದಾಯದ ಯುವತಿಯರಿಂದ ಮೂಲಪಾಠ ಕಲಿಸಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದಾಗ ತರಗತಿಯ ಸರಾಸರಿ ಏರಿತ್ತು, ಹೆಚ್ಚಿನ ಲಾಭ ಪಡೆದವರು ತೀರಾ ಕೆಳಗಿದ್ದ ಮಕ್ಕಳು. ಆ ಯುವತಿಯರು ತರಬೇತಿ ಪಡೆದ ಶಿಕ್ಷಕಿಯರಲ್ಲ ಎಂಬುದನ್ನು ಗಮನಿಸಿ. ವಾರಕ್ಕೆ ಎರಡು ಅವಧಿಗಳನ್ನಾದರೂ ಹೀಗೆ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಲು ಮುಖ್ಯೋಪಾಧ್ಯಾಯರನ್ನು ಕೇಳಿ. ಒಂದು ಷರತ್ತು: ಗುಂಪು ಕೌಶಲಕ್ಕೆ ಸಂಬಂಧಿಸಿರಬೇಕು, ಭಾಗಾಕಾರ ಬಂದ ದಿನವೇ ಮಗು ಆ ಗುಂಪಿನಿಂದ ಹೊರಬರಬೇಕು. ಇಲ್ಲವಾದರೆ ಅದೇ ಇನ್ನೊಂದು ಹಣೆಪಟ್ಟಿಯಾಗುತ್ತದೆ.

ಉಳಿದವು ಚಿಕ್ಕವು. ಕೈ ಎತ್ತಿಸುವುದನ್ನು ಕಡಿಮೆ ಮಾಡಿ, ಎಲ್ಲರೂ ಉತ್ತರ ಬರೆದು ನೀವು ನೋಡುವವರೆಗೆ ಕಾಯುವ ಪದ್ಧತಿ ತನ್ನಿ. ಕೇಳದವರ ಬಳಿ ನೀವೇ ಹೋಗಿ, ‘ಅರ್ಥವಾಯಿತಾ?’ ಎನ್ನಬೇಡಿ, ‘ಎಲ್ಲಿಯವರೆಗೆ ಬಂದೆ, ತೋರಿಸು’ ಎನ್ನಿ. ಉತ್ತರಪತ್ರಿಕೆಗಳನ್ನು ಹೆಸರು ಮಡಚಿ ತಿದ್ದಿ. ಭಾರತದಲ್ಲೇ ನಡೆದ ಪ್ರಯೋಗವೊಂದರಲ್ಲಿ ಉತ್ತರಪತ್ರಿಕೆಗಳ ಮುಖಪುಟದಲ್ಲಿ ವಿದ್ಯಾರ್ಥಿಯ ಜಾತಿಯನ್ನು ಚೀಟಿ ಎತ್ತಿದಂತೆ ಆರಿಸಿ ನಮೂದಿಸಿ ಶಿಕ್ಷಕರಿಗೆ ಕೊಟ್ಟಾಗ, ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ತುಸು ಕಡಿಮೆ ಅಂಕ ಬಿದ್ದಿತು. ವ್ಯತ್ಯಾಸ ದೊಡ್ಡದಲ್ಲ, ಆದರೆ ತೇರ್ಗಡೆಯ ಗೆರೆಯ ಹತ್ತಿರ ನಿಂತಿರುವ ಮಗುವಿಗೆ ಅದೂ ದೊಡ್ಡದೇ.

ಪೋಷಕರ ಸಭೆಗೆ ಬಾರದವರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ದಿನಗೂಲಿಯ ತಾಯಿ ಅರ್ಧ ದಿನದ ಸಂಬಳ ಬಿಟ್ಟು ಬರಬೇಕು, ಬಂದು ಎಲ್ಲರೆದುರು ಮಗನ ಮೇಲಿನ ದೂರು ಕೇಳಬೇಕು. ನಾನಾದರೂ ಬರುತ್ತಿರಲಿಲ್ಲ. ಅವರ ಫೋನ್‌ಗೆ ಸಂಜೆ ಎರಡು ನಿಮಿಷದ ಕರೆ ಮಾಡಿ. ಮೊದಲ ಕರೆಯಲ್ಲಿ ದೂರು ಬೇಡ, ಮಗು ಆ ವಾರ ಸರಿಯಾಗಿ ಮಾಡಿದ ಒಂದು ಲೆಕ್ಕದ ವಿಷಯ ಹೇಳಿ. ನಂತರ ಅವರಿಂದ ಸಾಧ್ಯವಿರುವ ಒಂದೇ ಕೆಲಸ ಕೇಳಿ: ತಪ್ಪದೆ ಶಾಲೆಗೆ ಕಳುಹಿಸುವುದು, ಇವತ್ತು ಏನು ಕಲಿತೆ ಎಂದು ರಾತ್ರಿ ಕೇಳಿ ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವುದು. ಅದಕ್ಕೆ ಅಕ್ಷರ ಬರಬೇಕಾಗಿಲ್ಲ. ಲೆಕ್ಕ ಹೇಳಿಕೊಡುವ ಕೆಲಸವನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ಹಾಗೆಂದು ಅವರಿಗೂ ತಿಳಿಸಿ.